ಕರಗುವಿಕೆ ಮತ್ತು ಪ್ರಕ್ಷೇಪನ: ಎರಡನ್ನೂ ಒಂದೇ ಸರಣಿಯಾಗಿ ಮಾಡಿಸಿದ ಅನುಭವ

ಪ್ರೌಢಶಾಲೆಯ ಪಾಠಕ್ರಮದಲ್ಲಿ ದ್ರಾವಣಗಳ ಅಧ್ಯಾಯ ಒಂದು ಕಡೆ ಬರುತ್ತದೆ, ಪ್ರಕ್ಷೇಪನ ಕ್ರಿಯೆ ಇನ್ನೊಂದು ಕಡೆ. ನಡುವೆ ಎಷ್ಟೋ ಪಾಠಗಳು ಮುಗಿದಿರುವುದರಿಂದ, ಉಪ್ಪು ನೀರಿನಲ್ಲಿ ಕರಗುವುದಕ್ಕೂ ಎರಡು ತಿಳಿ ದ್ರಾವಣಗಳನ್ನು ಬೆರೆಸಿದಾಗ ಪ್ರನಾಳದಲ್ಲಿ ಬಿಳಿ ಪುಡಿ ಮೂಡುವುದಕ್ಕೂ ಸಂಬಂಧವೇ ಇಲ್ಲವೆಂದು ಮಕ್ಕಳು ತಿಳಿದುಬಿಡುತ್ತಾರೆ. ಕರಗುವಿಕೆಗೆ ಒಂದು ಮಿತಿಯಿದೆ, ಆ ಮಿತಿ ಮೀರಿದ ಭಾಗವೇ ಘನವಾಗಿ ಹೊರಬರುತ್ತದೆ ಎಂಬ ಒಂದೇ ಎಳೆಯನ್ನು ಹಿಡಿದು ಈ ಪ್ರಯೋಗಗಳನ್ನು ಒಟ್ಟಿಗೆ ಮಾಡಿಸಲು ತೊಡಗಿದ ಮೇಲೆ ನನ್ನ ಪಾಠ ಬಹಳ ಸುಲಭವಾಯಿತು.

ನಾನು ಆರಂಭಿಸುವುದು ಪೊಟ್ಯಾಸಿಯಂ ನೈಟ್ರೇಟ್‌ನಿಂದ. ಅಡುಗೆ ಉಪ್ಪಿನಿಂದ ಆರಂಭಿಸಿದರೆ ಏನೂ ಕಾಣುವುದಿಲ್ಲ, ಏಕೆಂದರೆ 100 ಗ್ರಾಂ ನೀರಿನಲ್ಲಿ ಅದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 36 ಗ್ರಾಂ ಕರಗಿದರೆ 60 ಡಿಗ್ರಿಯಲ್ಲಿ ಕರಗುವುದು ಸುಮಾರು 37 ಗ್ರಾಂ ಮಾತ್ರ. ಪೊಟ್ಯಾಸಿಯಂ ನೈಟ್ರೇಟ್ ಹಾಗಲ್ಲ. 20 ಡಿಗ್ರಿಯಲ್ಲಿ 32 ಗ್ರಾಂನಷ್ಟು ಕರಗುವ ಅದು 60 ಡಿಗ್ರಿಯಲ್ಲಿ 106 ಗ್ರಾಂ ದಾಟುತ್ತದೆ. ನಾಲ್ಕು ಗುಂಪುಗಳಿಗೆ ತಲಾ 10 ಗ್ರಾಂ ನೀರು ಕೊಟ್ಟು, ಒಂದು ಗುಂಪು 4 ಗ್ರಾಂ, ಉಳಿದವು 6, 8 ಮತ್ತು 10 ಗ್ರಾಂ ಲವಣ ಹಾಕುವಂತೆ ಹೇಳುತ್ತೇನೆ. ಲವಣ ಕರಗುವಾಗ ಪ್ರನಾಳ ಕೈಗೆ ತಣ್ಣಗೆ ತಾಗುತ್ತದೆ. ಶಾಖವನ್ನು ಹೀರಿಕೊಂಡು ನಡೆಯುವ ಕ್ರಿಯೆ ಇದೆಂದು ಆಗಲೇ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ.

ಬಿಸಿನೀರಿನ ಬೀಕರಿನಲ್ಲಿಟ್ಟು ಪೂರ್ತಿ ಕರಗಿಸಿದ ಮೇಲೆ ಪ್ರನಾಳವನ್ನು ಹೊರತೆಗೆದು, ಉಷ್ಣತಾಮಾಪಕವನ್ನು ಒಳಗಿಟ್ಟು, ನಿಧಾನವಾಗಿ ಕಲಕುತ್ತ ಆರಲು ಬಿಡಬೇಕು. ಬೆಳಕಿಗೆ ಹಿಡಿದು ನೋಡುತ್ತಿದ್ದರೆ ಮೊದಲು ಏನೂ ಇಲ್ಲದ ದ್ರಾವಣದಲ್ಲಿ ಉಷ್ಣತಾಮಾಪಕದ ಬುರುಡೆಯ ಬಳಿ ಒಂದೆರಡು ಮಿಂಚು ಕಾಣುತ್ತವೆ. ನೋಡನೋಡುತ್ತಿದ್ದಂತೆ ಅವು ಸೂಜಿಯಂಥ ಹರಳುಗಳಾಗಿ ಉದ್ದವಾಗುತ್ತವೆ. ಆ ಮೊದಲ ಮಿಂಚಿನ ಕ್ಷಣದ ಉಷ್ಣತೆಯನ್ನೇ ಬರೆದುಕೊಳ್ಳಬೇಕು. 10 ಗ್ರಾಂ ಹಾಕಿದ ಗುಂಪಿಗೆ ಅದು 57 ಡಿಗ್ರಿಯ ಆಸುಪಾಸಿನಲ್ಲಿ, 6 ಗ್ರಾಂ ಹಾಕಿದ ಗುಂಪಿಗೆ 40 ಡಿಗ್ರಿಯ ಸಮೀಪದಲ್ಲಿ ಬರುತ್ತದೆ. ನಾಲ್ಕೂ ಗುಂಪುಗಳ ಬಿಂದುಗಳನ್ನು ಕಪ್ಪುಹಲಗೆಯ ಮೇಲೆ ಒಂದೇ ನಕ್ಷೆಯಲ್ಲಿ ಗುರುತಿಸಿದರೆ ಕರಗುವಿಕೆಯ ವಕ್ರರೇಖೆ ಮಕ್ಕಳ ಕೈಯಿಂದಲೇ ಮೂಡಿರುತ್ತದೆ. ಆ ಗೆರೆಯನ್ನು ಮುಟ್ಟಿದ ಪ್ರತಿ ಬಿಂದುವೂ ಪರ್ಯಾಪ್ತ ದ್ರಾವಣ, ಅಂದರೆ ಆ ಉಷ್ಣತೆಯಲ್ಲಿ ಇನ್ನಷ್ಟು ಲವಣವನ್ನು ಕರಗಿಸಿಕೊಳ್ಳಲಾರದ ದ್ರಾವಣ ಎಂದು ಆಮೇಲೆ ಹೇಳಿದರೆ ಸಾಕು. ವ್ಯಾಖ್ಯೆಯನ್ನು ಉರು ಹೊಡೆಸುವ ಅಗತ್ಯ ಬರುವುದಿಲ್ಲ.

ಬಿಸಿ ಮಾಡಿದರೆ ಎಲ್ಲವೂ ಹೆಚ್ಚು ಕರಗುತ್ತದೆ ಎಂಬ ನಂಬಿಕೆ ಈ ಹಂತದಲ್ಲಿ ಗಟ್ಟಿಯಾಗಿಬಿಡುವ ಅಪಾಯವಿದೆ. ಅದಕ್ಕೆ ಹೊಸದಾಗಿ ಸೋಸಿದ ಸುಣ್ಣದ ತಿಳಿನೀರನ್ನು ಕಾಯಿಸಿ ತೋರಿಸುತ್ತೇನೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನ ಕರಗುವಿಕೆ ಉಷ್ಣತೆ ಏರಿದಂತೆ ಕಡಿಮೆಯಾಗುವುದರಿಂದ, ತಿಳಿಯಾಗಿದ್ದ ನೀರು ಕುದಿಯ ಸಮೀಪ ಬಂದಾಗ ಕದಡುತ್ತದೆ.

ಇನ್ನು ಇಡೀ ಸರಣಿಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಪ್ರಯೋಗಕ್ಕೆ ಬರುತ್ತೇನೆ. ಪ್ರಕ್ಷೇಪನವೆಂದರೆ ಸಾಮಾನ್ಯವಾಗಿ ಬೇರಿಯಂ ಕ್ಲೋರೈಡ್ ಮತ್ತು ಸೋಡಿಯಂ ಸಲ್ಫೇಟ್ ಬೆರೆಸಿ ತೋರಿಸುವುದು ವಾಡಿಕೆ. ಬೇರಿಯಂ ಸಲ್ಫೇಟ್ ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ಕರಗುವುದರಿಂದ ದ್ರಾವಣ ಸಾಕಷ್ಟು ತೆಳುವಾಗಿದ್ದರೂ ಬಿಳುಪು ಬರುತ್ತದೆ. ತತ್‌ಕ್ಷಣ ಫಲ ಸಿಗುವ ಪ್ರಯೋಗವೇನೋ ಹೌದು, ಆದರೆ ಮಿತಿಯ ಮಾತನ್ನು ಅದು ಮುಚ್ಚಿಬಿಡುತ್ತದೆ. ಬೇರಿಯಂ ಕ್ಲೋರೈಡ್ ವಿಷವೆಂಬುದು ಬೇರೆ ಮಾತು. ಆದ್ದರಿಂದ ನಾನು ಬೇರಿಯಂ ಬಿಟ್ಟು ಕ್ಯಾಲ್ಸಿಯಂ ಆರಿಸಿಕೊಂಡೆ. ಕ್ಯಾಲ್ಸಿಯಂ ಸಲ್ಫೇಟ್ ಲೀಟರಿಗೆ 2 ಗ್ರಾಂಗಿಂತ ಸ್ವಲ್ಪ ಹೆಚ್ಚು ಕರಗುತ್ತದೆ, ಅಂದರೆ ಕರಗುತ್ತದೆ ಎಂದೂ ಕರಗುವುದಿಲ್ಲ ಎಂದೂ ಖಚಿತವಾಗಿ ಹೇಳಲಾಗದ ಲವಣ ಅದು. ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸೋಡಿಯಂ ಸಲ್ಫೇಟ್‌ಗಳ ದ್ರಾವಣಗಳನ್ನು ಎರಡು ಬಗೆಯಲ್ಲಿ ಸಿದ್ಧಮಾಡಿಕೊಳ್ಳುತ್ತೇನೆ: ಲೀಟರಿಗೆ ಅರ್ಧ ಮೋಲ್ ಇರುವ ಗಟ್ಟಿ ದ್ರಾವಣ ಒಂದು, ಅದನ್ನು 25 ಪಟ್ಟು ತೆಳುಗೊಳಿಸಿದ್ದು ಇನ್ನೊಂದು. ಗಟ್ಟಿ ದ್ರಾವಣಗಳನ್ನು ಸಮಪ್ರಮಾಣದಲ್ಲಿ ಬೆರೆಸಿದಾಗ ಸ್ವಲ್ಪ ಹೊತ್ತಿನಲ್ಲೇ ಬಿಳಿ ಹರಳುಗಳು ತುಂಬಿಕೊಳ್ಳುತ್ತವೆ. ತೆಳು ದ್ರಾವಣಗಳನ್ನು ಅದೇ ರೀತಿ ಬೆರೆಸಿದರೆ ಪ್ರನಾಳ ಎಷ್ಟು ಹೊತ್ತಾದರೂ ತಿಳಿಯಾಗಿಯೇ ಉಳಿಯುತ್ತದೆ.

ಅದೇ ಲವಣಗಳು, ಅದೇ ಸಮೀಕರಣ. ಆದರೂ ಒಂದು ಕಡೆ ಪ್ರಕ್ಷೇಪವಿದೆ, ಇನ್ನೊಂದು ಕಡೆ ಇಲ್ಲ. ಏಕೆ ಎಂದು ಕೇಳಿ ಸುಮ್ಮನಿದ್ದರೆ, ಪೊಟ್ಯಾಸಿಯಂ ನೈಟ್ರೇಟ್‌ನ ನಕ್ಷೆಯನ್ನು ಯಾರಾದರೂ ನೆನೆಯುತ್ತಾರೆ. ಲೆಕ್ಕವನ್ನೂ ಮಾಡಿಸಬಹುದು: ಸಮಪ್ರಮಾಣದಲ್ಲಿ ಬೆರೆತ ಮೇಲೆ ತೆಳು ದ್ರಾವಣಗಳ ಸಾರತೆ ಅರ್ಧವಾಗುವುದರಿಂದ, ಅಲ್ಲಿ ಉಂಟಾಗಬಹುದಾದ ಕ್ಯಾಲ್ಸಿಯಂ ಸಲ್ಫೇಟ್ ಲೀಟರಿಗೆ ಹೆಚ್ಚೆಂದರೆ 1.36 ಗ್ರಾಂ, ಅದು ಮಿತಿಯ ಒಳಗೇ ಇದೆ. ಪಟ್ಟಿಗಳಲ್ಲಿ ‘ಕರಗದ ಲವಣ’ ಎಂದು ಬರೆದಿರುವುದೆಲ್ಲ ಬಹಳ ಕಡಿಮೆ ಮಿತಿಯ ಲವಣವೆಂದು ಅರ್ಥ ಮಾಡಿಸಲು ಇದಕ್ಕಿಂತ ನೇರವಾದ ದಾರಿ ನನಗೆ ಸಿಕ್ಕಿಲ್ಲ.

ಇದಾದ ಮೇಲೆ ಹನಿಗಳ ಪ್ರಯೋಗ. ಕಪ್ಪು ಕಾಗದದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ಪ್ರತಿ ಚೌಕದಲ್ಲೂ ಎರಡು ದ್ರಾವಣಗಳ ಒಂದೊಂದು ಹನಿಯನ್ನು ಪಕ್ಕಪಕ್ಕದಲ್ಲಿಟ್ಟು, ಕಡ್ಡಿಯಿಂದ ಒಂದನ್ನು ಇನ್ನೊಂದರತ್ತ ಎಳೆಯಬೇಕು. ತಾಮ್ರದ ಸಲ್ಫೇಟ್‌ಗೆ ಸೋಡಿಯಂ ಹೈಡ್ರಾಕ್ಸೈಡ್ ತಾಗಿದಲ್ಲಿ ತಿಳಿನೀಲಿ, ಫೆರಿಕ್ ಕ್ಲೋರೈಡ್‌ಗೆ ತಾಗಿದಲ್ಲಿ ತುಕ್ಕಿನ ಬಣ್ಣ, ಮೆಗ್ನೀಸಿಯಂ ಸಲ್ಫೇಟ್‌ಗೆ ತಾಗಿದಲ್ಲಿ ಬಿಳುಪು. ಹನಿಗಳಲ್ಲೇ ಕೆಲಸ ಮುಗಿಯುವುದರಿಂದ ರಾಸಾಯನಿಕವೂ ಉಳಿಯುತ್ತದೆ, ತೊಳೆಯುವ ಗೋಜೂ ಇಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಕಣ್ಣಿಗೆ ಅಪಾಯಕಾರಿಯಾದ್ದರಿಂದ ಕನ್ನಡಕ ಕಡ್ಡಾಯ.

ಆ ಹಾಳೆಯಲ್ಲಿ ಸೋಡಿಯಂ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ನೈಟ್ರೇಟ್ ಸೇರುವ ಒಂದು ಚೌಕವನ್ನು ಉದ್ದೇಶಪೂರ್ವಕವಾಗಿ ಇಟ್ಟಿರುತ್ತೇನೆ. ಅಲ್ಲಿ ಏನೂ ಆಗುವುದಿಲ್ಲ. ಏನೂ ಆಗಲಿಲ್ಲವೆಂದು ದಾಖಲೆ ಪುಸ್ತಕದಲ್ಲಿ ಬರೆಯಲು ಮಕ್ಕಳು ಹಿಂಜರಿಯುತ್ತಾರೆ, ಕೆಲವರು ಇಲ್ಲದ ಕದಡನ್ನೂ ಕಂಡುಬಿಡುತ್ತಾರೆ. ಬೆಳ್ಳಿಯ ನೈಟ್ರೇಟ್ ಬಳಸುವಾಗ ಇದಕ್ಕೆ ವಿರುದ್ಧವಾದ ತೊಡಕು ಬರುತ್ತದೆ: ನಲ್ಲಿಯ ನೀರಿನಲ್ಲಿರುವ ಕ್ಲೋರೈಡ್‌ನಿಂದಲೇ ಅದು ಕದಡುವುದರಿಂದ, ಈ ಎಲ್ಲ ದ್ರಾವಣಗಳಿಗೂ ಬಟ್ಟಿ ಇಳಿಸಿದ ನೀರೇ ಬೇಕು.

ಕೊನೆಯಲ್ಲಿ ಸೋಸುವಿಕೆ. ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸೋಡಿಯಂ ಕಾರ್ಬೊನೇಟ್ ಬೆರೆಸಿದಾಗ ಬರುವ ಪ್ರಕ್ಷೇಪದ ಕಣಗಳು ಬಹಳ ಸಣ್ಣವಾದ್ದರಿಂದ, ತುಸು ಬೆಚ್ಚಗೆ ಮಾಡಿ ಕೂರಲು ಬಿಟ್ಟು ಆಮೇಲೆ ಸೋಸು ಕಾಗದಕ್ಕೆ ಸುರಿಯುವುದು ಒಳ್ಳೆಯದು. ಮಕ್ಕಳ ಗಮನವೆಲ್ಲ ಕಾಗದದ ಮೇಲಿನ ಬಿಳಿ ಪುಡಿಯತ್ತ ಇರುತ್ತದೆ. ನಾನು ಕೆಳಗಿಳಿದ ತಿಳಿಯನ್ನು ಕೇಳುತ್ತೇನೆ. ಅದರ ಒಂದು ಭಾಗಕ್ಕೆ ಸೋಡಿಯಂ ಕಾರ್ಬೊನೇಟ್ ಹನಿ ಹಾಕಿದಾಗ ಚೆನ್ನಾಗಿ ಬೆಳ್ಳಗಾದರೆ ಕ್ಯಾಲ್ಸಿಯಂ ಉಳಿದಿತ್ತೆಂದು ಅರ್ಥ. ಇನ್ನೊಂದು ಭಾಗವನ್ನು ಗಾಜಿನ ಪಟ್ಟಿಯ ಮೇಲೆ ಆರಲು ಬಿಟ್ಟು ಮರುದಿನ ಮಸೂರದಲ್ಲಿ ನೋಡಿದರೆ ಅಡುಗೆ ಉಪ್ಪಿನ ಚೌಕ ಹರಳುಗಳು ಕಾಣುತ್ತವೆ. ಸಮೀಕರಣದ ಬಲಬದಿಯಲ್ಲಿ ಬರೆದ ಸೋಡಿಯಂ ಕ್ಲೋರೈಡ್ ಅಲ್ಲಿ ಕಣ್ಣಿಗೆ ಬೀಳುತ್ತದೆ.

ತಾಮ್ರದ ದ್ರಾವಣಗಳನ್ನು ಮೋರಿಗೆ ಚೆಲ್ಲಬಾರದು. ಅವನ್ನೆಲ್ಲ ಒಂದು ಸೀಸೆಯಲ್ಲಿ ಕೂಡಿಟ್ಟು, ನೀಲಿ ಬಣ್ಣ ತಿಳಿಯಿಂದ ಮರೆಯಾಗುವ ತನಕ ಸೋಡಿಯಂ ಕಾರ್ಬೊನೇಟ್ ಬೆರೆಸುತ್ತೇವೆ. ತಳಕ್ಕೆ ಕೂತ ಹಸಿರು ಛಾಯೆಯ ನೀಲಿ ಪ್ರಕ್ಷೇಪವನ್ನು ಸೋಸಿ, ಒಣಗಿಸಿ, ಹೆಸರು ಬರೆದು ತೆಗೆದಿಡುವ ಕೆಲಸವನ್ನು ಸರದಿಯಂತೆ ಒಂದೊಂದು ಗುಂಪು ಮಾಡುತ್ತದೆ.