ಫರ್ನೇಸ್ ಹೊತ್ತಿ ತಕ್ಷಣ ಆರುತ್ತಿದ್ದರೆ ಮೊದಲು ಇದನ್ನು ನೋಡಿ
ಅಮೆರಿಕ, ಕೆನಡಾದಲ್ಲಿ ಇರುವವರಿಗೆ: ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ಹೊತ್ತಿಕೊಂಡು ನಾಲ್ಕೈದು ಸೆಕೆಂಡಿಗೇ ಆರಿ, ಮತ್ತೆ ಹೊತ್ತಿ, ಮತ್ತೆ ಆರುತ್ತಿದ್ದರೆ ಫ್ಲೇಮ್ ಸೆನ್ಸರ್ (ಉರಿ ಇದೆಯೇ ಎಂದು ಪತ್ತೆ ಮಾಡುವ ಭಾಗ) ಉಜ್ಜಿ ನೋಡಿ. ಬರ್ನರ್ ಸಾಲಿನಲ್ಲಿ, ಸಾಮಾನ್ಯವಾಗಿ ಇಗ್ನೈಟರ್ (ಉರಿ ಹೊತ್ತಿಸುವ ಭಾಗ) ಇಲ್ಲದ ಕೊನೆಯಲ್ಲಿ, ಬಿಳಿ ಪಿಂಗಾಣಿ ಬುಡದ ಒಂದು ಸಣ್ಣ ಕಡ್ಡಿ ಇರುತ್ತದೆ, ಒಂದೇ ವೈರು, ಅದೇ ಸೆನ್ಸರ್. ಫರ್ನೇಸ್ ಪಕ್ಕದ ಸ್ವಿಚ್ ಆಫ್ ಮಾಡಿ, ಗ್ಯಾಸ್ ವಾಲ್ವ್ ಮುಚ್ಚಿ, ತಣ್ಣಗಾದ ಮೇಲೆ ಕಡ್ಡಿಯನ್ನು ಹಿಡಿದಿರುವ ಒಂದು ಸ್ಕ್ರೂ ಬಿಚ್ಚಿ ಹೊರಗೆ ತೆಗೆಯಿರಿ. ಸಣ್ಣ ಎಳೆಯ ಸ್ಟೀಲ್ ವುಲ್‌ನಿಂದ ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ ಹಾಕಿದರೆ ಆಯ್ತು. ಒರಟು ಸ್ಯಾಂಡ್‌ಪೇಪರ್ ಬೇಡ, ಗೀರು ಬಿದ್ದರೆ ಕೊಳೆ ಇನ್ನೂ ಬೇಗ ಹತ್ತುತ್ತದೆ. ಉರಿಯ ಮೂಲಕ ಈ ಕಡ್ಡಿಯಿಂದ ಕೆಲವೇ ಮೈಕ್ರೊಆಂಪ್ ಕರೆಂಟ್ ಹರಿಯುತ್ತದೆ. ಅದು ಸಿಕ್ಕರೆ ಮಾತ್ರ ಫರ್ನೇಸನ್ನು ನಡೆಸುವ ಕಂಟ್ರೋಲ್ ಬೋರ್ಡಿಗೆ ಉರಿ ಇದೆ ಅಂತ ಗೊತ್ತಾಗುವುದು. ಕಡ್ಡಿಯ ಮೇಲೆ ತೆಳ್ಳಗೆ ಪದರ ಕಟ್ಟಿದರೂ ಸಾಕು, ಉರಿ ಇಲ್ಲ ಅಂದುಕೊಂಡು ಗ್ಯಾಸ್ ನಿಲ್ಲಿಸಿಬಿಡುತ್ತದೆ. ಪಿಂಗಾಣಿ ಬಿರುಕು ಬಿಟ್ಟಿದ್ದರೆ ಎಷ್ಟು ಉಜ್ಜಿದರೂ ಸುಮ್ನೆ, ಹೊಸದು ಹಾಕಬೇಕು (ಮಾಡೆಲ್ ನಂಬರ್ ಹಿಡಿದು ಹುಡುಕಿ, ದುಬಾರಿ ಏನಲ್ಲ). ವೈರು ಅಥವಾ ಗ್ರೌಂಡ್ (ಅರ್ಥಿಂಗ್) ಸಡಿಲವಾಗಿದ್ದರೂ ಇದೇ ಲಕ್ಷಣ. ಉರಿ ಹೊತ್ತುವುದೇ ಇಲ್ಲ ಅಂದರೆ ತೊಂದರೆ ಬೇರೆ ಕಡೆ ಇದೆ, ಇದನ್ನು ಮುಟ್ಟಬೇಡಿ. ಇಗ್ನೈಟರ್‌ಗಂತೂ ಕೈ ತಾಗಿಸಲೇಬೇಡಿ, ತುಂಬಾ ನಾಜೂಕು. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಒತ್ತದೆ ಮನೆಯಿಂದ ಹೊರಗೆ ಬಂದು ಗ್ಯಾಸ್ ಕಂಪನಿಗೆ ಫೋನ್ ಮಾಡಿ.