ಅಮೆರಿಕದಲ್ಲಿ ಅಪ್ಪ-ಅಮ್ಮ ಡಿಸ್ಚಾರ್ಜ್ ಆದ ಮೇಲಿನ 30 ದಿನ

ಊರಲ್ಲಾದರೆ ಆಪರೇಷನ್ ಮಾಡಿದ ಡಾಕ್ಟರನ್ನೇ ಮತ್ತೆ ಹೋಗಿ ನೋಡುತ್ತೇವೆ. ಅಮೆರಿಕದಲ್ಲಿ ವಾರ್ಡಿನಲ್ಲಿ ನೋಡಿಕೊಳ್ಳುವ ಹಾಸ್ಪಿಟಲಿಸ್ಟ್ ಬೇರೆ, ಆಮೇಲೆ ನೋಡುವ ಪ್ರೈಮರಿ ಕೇರ್ ಡಾಕ್ಟರ್ ಬೇರೆ. ಇಬ್ಬರ ನಡುವೆ ಕಾಗದ ತಡವಾದರೆ ರೋಗಿ ಮತ್ತೆ ಎಮರ್ಜೆನ್ಸಿಗೆ ಬರುತ್ತಾರೆ.

ಇದರ ಬಿಸಿ ಆಸ್ಪತ್ರೆಗೂ ತಟ್ಟುತ್ತದೆ. ಹಾರ್ಟ್ ಫೇಲ್ಯೂರ್ (ಹೃದಯದ ಪಂಪ್ ಮಾಡುವ ಶಕ್ತಿ ಕುಗ್ಗುವುದು), ನ್ಯುಮೋನಿಯಾ, ಮಂಡಿ ಬದಲಿಯಂಥ ಆರು ಬಗೆಯ ಪ್ರಕರಣಗಳಲ್ಲಿ 30 ದಿನದೊಳಗೆ ಮರಳಿ ದಾಖಲಾಗುವವರು ನಿರೀಕ್ಷೆಗಿಂತ ಹೆಚ್ಚಿದ್ದರೆ ಮೆಡಿಕೇರ್ (ಮುಖ್ಯವಾಗಿ 65 ದಾಟಿದವರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಆಸ್ಪತ್ರೆಗೆ ಕೊಡುವ ಹಣದಲ್ಲಿ ಶೇ 3ರವರೆಗೆ ಕಡಿತವಾಗುತ್ತದೆ. 2012ರಿಂದ ಇರುವ ಪದ್ಧತಿ ಇದು. ಆದ್ದರಿಂದ ಡಿಸ್ಚಾರ್ಜ್ ವ್ಯವಸ್ಥೆ ನೋಡಿಕೊಳ್ಳುವ ಕೇಸ್ ಮ್ಯಾನೇಜರನ್ನು ಪ್ರಶ್ನೆ ಕೇಳಲು ಸಂಕೋಚ ಬೇಡ.

ಮನೆಗೆ ಹೊರಡುವ ಮೊದಲೇ ಪ್ರೈಮರಿ ಕೇರ್ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಮೆಡಿಕೇರ್‌ನಲ್ಲಿ ಟ್ರಾನ್ಸಿಷನಲ್ ಕೇರ್ ಮ್ಯಾನೇಜ್‌ಮೆಂಟ್ ಎಂಬ ಸೇವೆಯಿದೆ: ಕ್ಲಿನಿಕ್ಕಿನವರು ಎರಡು ಕೆಲಸದ ದಿನಗಳೊಳಗೆ ನಿಮ್ಮನ್ನು ಸಂಪರ್ಕಿಸಬೇಕು, ಕಾಯಿಲೆ ಜಟಿಲವಾಗಿದ್ದರೆ 7 ದಿನದೊಳಗೆ, ಇಲ್ಲವಾದರೆ 14 ದಿನದೊಳಗೆ ನೋಡಬೇಕು. ಈ ಸೇವೆಯನ್ನು ಹೆಸರು ಹೇಳಿಯೇ ಕೇಳಿ.

ನಮ್ಮವರ ಮನೆಗಳಲ್ಲಿ ಎಡವಟ್ಟಾಗುವುದು ಊರಿನಿಂದ ತಂದ ಮಾತ್ರೆಗಳ ಚೀಲದಲ್ಲಿ. ಅಮ್ಮ ಟೆಲ್ಮಾ 40 ತಿನ್ನುತ್ತಿರುತ್ತಾರೆ, ಆಸ್ಪತ್ರೆಯಲ್ಲಿ ಲೊಸಾರ್ಟನ್ ಬರೆದುಕೊಡುತ್ತಾರೆ. ಹೆಸರು ಬೇರೆ ಎಂದು ಅವರು ಎರಡನ್ನೂ ನುಂಗುತ್ತಾರೆ. ಎರಡೂ ಒಂದೇ ಗುಂಪಿನ ಬಿಪಿ ಔಷಧ. ಒಟ್ಟಿಗೆ ತಿಂದರೆ ಬಿಪಿ ಕುಸಿದು ತಲೆಸುತ್ತು ಬರಬಹುದು, ಪೊಟ್ಯಾಸಿಯಂ ಏರಬಹುದು, ಕಿಡ್ನಿಗೂ ಪೆಟ್ಟು. ಮಂಡಿನೋವಿಗೆಂದು ಇಟ್ಟುಕೊಂಡ ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಇರುತ್ತದೆ. ಅದು ಉಪ್ಪು, ನೀರು ಹೊರಹೋಗದೆ ಮೈಯಲ್ಲೇ ಉಳಿಯುವಂತೆ ಮಾಡುತ್ತದೆ, ಹಾರ್ಟ್ ಫೇಲ್ಯೂರ್ ಇದ್ದವರಿಗೆ ಕೇಡು. ಸ್ಟ್ರಿಪ್‌ಗಳನ್ನೆಲ್ಲ ಆಸ್ಪತ್ರೆಗೇ ಒಯ್ದು, ಪ್ರತಿಯೊಂದನ್ನೂ ತೋರಿಸಿ, ಮುಂದುವರಿಸಬೇಕೋ ನಿಲ್ಲಿಸಬೇಕೋ ಬರೆಸಿಕೊಳ್ಳಿ. ಬ್ರ್ಯಾಂಡ್ ಹೆಸರು ಅಲ್ಲಿನವರಿಗೆ ಗೊತ್ತಿರುವುದಿಲ್ಲ. ಸ್ಟ್ರಿಪ್ ಮೇಲಿನ ಜೆನೆರಿಕ್ ಹೆಸರು (ಔಷಧದ ಮೂಲ ಹೆಸರು) ಓದಿ ಹೇಳಿ.

ಹಾರ್ಟ್ ಫೇಲ್ಯೂರ್ ಆದವರು ಬೆಳಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು, ದಿನವೂ ತೂಕ ನೋಡಿ ಬರೆದಿಡಬೇಕು. ಒಂದು ದಿನಕ್ಕೆ 2-3 ಪೌಂಡ್ ಅಥವಾ ವಾರಕ್ಕೆ 5 ಪೌಂಡ್ ಏರಿದರೆ ಉಸಿರು ಕಟ್ಟುವ ತನಕ ಕಾಯದೆ ಅಂದೇ ಫೋನ್ ಮಾಡಿ. ಉಪ್ಪಿನಕಾಯಿ, ಹಪ್ಪಳ ಸದ್ಯಕ್ಕೆ ಬೇಡ.

ಸೂಚನೆಗಳನ್ನು ಮಗನೇ ಅನುವಾದಿಸಬೇಕಿಲ್ಲ. ಫೋನಿನಲ್ಲೋ ವಿಡಿಯೊದಲ್ಲೋ ಕನ್ನಡ ಇಂಟರ್‌ಪ್ರಿಟರ್ ಕೇಳಿ, ದುಡ್ಡು ಕೊಡಬೇಕಾಗಿಲ್ಲ. ಕೇಳಿಸಿಕೊಂಡದ್ದನ್ನು ಅಮ್ಮನೇ ತಿರುಗಿ ಹೇಳಲಿ.

ಇನ್ನೊಂದು ಮೋಸ ಹೋಗುವ ಜಾಗ: ಮೂರು ರಾತ್ರಿ ಮಂಚದ ಮೇಲಿದ್ದರೂ ದಾಖಲೆಯಲ್ಲಿ ‘ಅಬ್ಸರ್ವೇಷನ್’ ಎಂದಿದ್ದರೆ ಅದು ಹೊರರೋಗಿ ಲೆಕ್ಕ. ಸಾಂಪ್ರದಾಯಿಕ ಮೆಡಿಕೇರ್‌ನಲ್ಲಿ (ಖಾಸಗಿ ಕಂಪನಿಯ ಮೂಲಕವಲ್ಲದೆ ಸರ್ಕಾರವೇ ನೇರವಾಗಿ ನಡೆಸುವುದು) ಸ್ಕಿಲ್ಡ್ ನರ್ಸಿಂಗ್ ಫೆಸಿಲಿಟಿಗೆ, ಅಂದರೆ ಆಸ್ಪತ್ರೆಯ ನಂತರ ಕೆಲವು ಕಾಲ ಆರೈಕೆ ಕೊಡುವ ಕೇಂದ್ರಕ್ಕೆ, ಹಣ ಸಿಗಲು ಸತತ ಮೂರು ದಿನ ಇನ್‌ಪೇಷಂಟ್ (ಒಳರೋಗಿ) ಆಗಿರಬೇಕು, ಡಿಸ್ಚಾರ್ಜ್ ದಿನ ಲೆಕ್ಕಕ್ಕಿಲ್ಲ. ಇನ್‌ಪೇಷಂಟೋ ಅಬ್ಸರ್ವೇಷನ್ನೋ ಎಂದು ದಿನವೂ ಕೇಳಿ.

ವಿಸಿಟರ್ ವೀಸಾದಲ್ಲಿ ಬಂದವರಿಗೆ ಮೆಡಿಕೇರ್ ಇಲ್ಲ. ಅವರು ಡಿಸ್ಚಾರ್ಜ್ ಸಮರಿ, ಲ್ಯಾಬ್ ವರದಿ, ಸ್ಕ್ಯಾನ್‌ಗಳ ಸಿಡಿ ಕೇಳಿ ಪಡೆದುಕೊಳ್ಳಲಿ. ಊರಿಗೆ ಮರಳಿದ ಮೇಲೆ ಅಲ್ಲಿನ ಡಾಕ್ಟರ್ ಮೊದಲು ಕೇಳುವುದು ಅವನ್ನೇ.