ಚೊಚ್ಚಲ ಬಸುರಿಯರ ತರಗತಿ: ನಾನು ಕಲಿಸುವ ಬಗೆ

ಚೊಚ್ಚಲ ಬಸುರಿಯರ ತರಗತಿಯನ್ನು 28ನೇ ವಾರಕ್ಕೆ ಶುರುಮಾಡಿ 36ರೊಳಗೆ ಮುಗಿಸುತ್ತೇನೆ. ತೀರಾ ಮುಂಚೆ ಹೇಳಿದ್ದು ಮರೆತುಹೋಗುತ್ತದೆ; 37 ತುಂಬಿದರೆ ಯಾವತ್ತು ಬೇಕಾದರೂ ನೋವು ಬರಬಹುದು. ಹೆರಿಗೆಯ ಹೊತ್ತಿಗೆ ಜೊತೆಗಿರುವವರು, ಗಂಡನೋ ತಾಯಿಯೋ, ಪಕ್ಕದಲ್ಲಿ ಕೂತು ಕಲಿಯಲೇಬೇಕು.

ಮೊದಲ ಪಾಠ ಗಡಿಯಾರದ್ದು. ಒಂದು ನೋವು ಶುರುವಾದಲ್ಲಿಂದ ಮುಂದಿನದು ಶುರುವಾಗುವವರೆಗೆ ಎಣಿಸಬೇಕು. ನಡುವಿನ ಬಿಡುವನ್ನಷ್ಟೇ ಎಣಿಸಿ ಲೆಕ್ಕ ತಪ್ಪುವವರೇ ಹೆಚ್ಚು. ಸುಳ್ಳು ನೋವು ನೀರು ಕುಡಿದು, ಮಗ್ಗುಲು ಬದಲಿಸಿ, ನಾಲ್ಕು ಹೆಜ್ಜೆ ನಡೆದರೆ ಸಾಮಾನ್ಯವಾಗಿ ತಗ್ಗುತ್ತದೆ. ನಿಜವಾದದ್ದು ಬಲಿಯುತ್ತಲೇ ಹೋಗುತ್ತದೆ. ತೊಂದರೆಯಿಲ್ಲದ ಬಸಿರಾದರೆ, 5 ನಿಮಿಷಕ್ಕೊಮ್ಮೆ ಬಂದು 1 ನಿಮಿಷ ಹಿಡಿಯುವ ನೋವು 1 ಗಂಟೆ ಹಾಗೇ ನಡೆದಾಗ ಹೊರಡಬೇಕು. ಆಸ್ಪತ್ರೆ ದೂರವಿದ್ದರೆ ಅದಕ್ಕೂ ಮೊದಲೇ. ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, 37 ತುಂಬುವ ಮೊದಲೇ ನೋವು ಬಂದರೆ ಎಣಿಸುತ್ತ ಕೂರಬಾರದು. ಒಡೆದ ನೀರು ಹಸಿರಾಗಿದ್ದರೆ ಮಗು ಒಳಗೇ ಮಲ ಮಾಡಿರುತ್ತದೆ. ಬಣ್ಣ ನೋಡಿ ತಿಳಿಸುವ ಕೆಲಸ ಜೊತೆಯವರದು.

ಹೆಚ್ಚು ಹೊತ್ತು ಕೊಡುವುದು ಆರಂಭದ ಹಂತಕ್ಕೆ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆಯಲು ಚೊಚ್ಚಲಿನಲ್ಲಿ ಹಲವು ಗಂಟೆ, ಕೆಲವರಿಗೆ ಹೆಚ್ಚುಕಡಿಮೆ ಒಂದು ದಿನವೇ ಬೇಕು. ಇದು ತಿಳಿಯದೆ ಮೊದಲ ನೋವಿಗೇ ಗಾಬರಿಯಾಗಿ ರಾತ್ರಿಯೆಲ್ಲ ಎದ್ದು ಕೂತವರಿಗೆ ಮಗುವನ್ನು ಹೊರತಳ್ಳಲು ಮುಕ್ಕುವ ಹೊತ್ತಿಗೆ ಕಸುವು ಉಳಿದಿರುವುದಿಲ್ಲ. ಈ ಹಂತದಲ್ಲಿ ಆದಷ್ಟು ನಿದ್ದೆ ಮಾಡಿ ಎಂದು ಒತ್ತಿ ಹೇಳುತ್ತೇನೆ. 2 ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು. ಮೂತ್ರಕೋಶ ತುಂಬಿದ್ದರೆ ಮಗುವಿನ ತಲೆ ಕೆಳಗಿಳಿಯಲು ಅಡ್ಡಿ.

ಉಸಿರಾಟವನ್ನು ಆರಾಮವಾಗಿ ಮಲಗಿ ಕಲಿತರೆ ನೋವಿನಲ್ಲಿ ನೆನಪಾಗದು. ಅದಕ್ಕೇ ಅಂಗೈಯಲ್ಲಿ ಮಂಜುಗಡ್ಡೆ ಹಿಡಿಸಿ 1 ನಿಮಿಷ ಅಭ್ಯಾಸ ಮಾಡಿಸುತ್ತೇನೆ: 4 ಎಣಿಸುತ್ತ ಮೂಗಿನಿಂದ ಒಳಕ್ಕೆ, 6 ಎಣಿಸುತ್ತ ಬಾಯಿಂದ ಹೊರಕ್ಕೆ. ಏದುಸಿರು ಬಿಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತುಟಿ, ಬೆರಳು ಜುಮುಗುಡುತ್ತವೆ. ಆಗ ಹೊರಗಿನ ಉಸಿರನ್ನು ಇನ್ನಷ್ಟು ಉದ್ದ ಮಾಡಬೇಕು.

ನೋವು ಬೆನ್ನಿಗೇ ಹಿಡಿದವರಿಗೆ ಸವರಿದರೆ ಸಾಲದು. ಸೊಂಟದ ಕೆಳಗಿನ ಚಪ್ಪಟೆ ಮೂಳೆಯ ಮೇಲೆ ಅಂಗೈ ಬುಡ ಊರಿ, ನೋವು ಏರಿ ಇಳಿಯುವವರೆಗೂ ಒತ್ತಿ ಹಿಡಿಯಬೇಕು. ಎಷ್ಟು ಬಿಗಿ ಬೇಕೆಂದು ಅವಳೇ ಹೇಳಲಿ. ಹೆಚ್ಚಿನ ಗಂಡಂದಿರು ಅಂದುಕೊಂಡಿದ್ದಕ್ಕಿಂತ ಬಹಳ ಜೋರಾಗಿ ಒತ್ತಬೇಕಾಗುತ್ತದೆ.